ಆ ಹೆಣ್ಣುಮಗಳನ್ನು ಇನ್ನೊಮ್ಮೆ ಒಬ್ಬಳೇ ಕಳಿಸಬೇಡಿ

ದಬ್ಬೇಘಟ್ಟ ಹೋಬಳಿಯ ಗ್ರಾಮ ಪಂಚಾಯಿತಿಗಳ ಹಾಲಿ ಮತ್ತು ಮಾಜಿ ಸದಸ್ಯರಿಗೆ, ಹಾಲಿನ ಡೇರಿಗಳ ನಿರ್ದೇಶಕರಿಗೆ, ಸ್ತ್ರೀಶಕ್ತಿ ಸಂಘಗಳ ಅಕ್ಕಂದಿರಿಗೆ, ದೇವಸ್ಥಾನ ಸಮಿತಿಗಳ ಯಜಮಾನರಿಗೆ,

ಕೊರೊನಾ ಮುಗಿದು ವರ್ಷಗಳಾದವು, ಈಗೇಕೆ ಅದರ ಮಾತು ಎಂದು ನೀವು ಕೇಳಬಹುದು. ನಮಗೆ ಮುಗಿದಿದೆ. ಮಾಸ್ಕು ಬಿಸಾಕಿದೆವು, ಮದುವೆ, ಜಾತ್ರೆ ಮೊದಲಿನಂತೆ ನಡೆಯುತ್ತಿವೆ, ಸಂತೆಯಲ್ಲಿ ಮೈಗೆ ಮೈ ತಾಗಿಸಿಕೊಂಡು ಓಡಾಡುತ್ತಿದ್ದೇವೆ. ಆದರೆ ನಮ್ಮೂರುಗಳ ಆಶಾ ಕಾರ್ಯಕರ್ತೆಯರು, ಉಪಕೇಂದ್ರದ ಸಿಸ್ಟರ್‌ಗಳು, ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮಾಡಿದ ನರ್ಸ್‌ಗಳು, ಆಂಬುಲೆನ್ಸ್ ಓಡಿಸಿದ ಹುಡುಗರು, ಇವರ ಪೈಕಿ ಅನೇಕರಿಗೆ ಅದು ಪೂರ್ತಿ ಮುಗಿದಿಲ್ಲ. ಸರಿರಾತ್ರಿಯಲ್ಲಿ ಫೋನ್ ರಿಂಗಾದರೆ ಈಗಲೂ ಎದೆ ಡವಗುಟ್ಟುತ್ತದೆ ಎನ್ನುವವರು ನಮ್ಮ ನಡುವೆ ಇದ್ದಾರೆ. ಕೆಲವು ಮನೆಗಳ ಮುಂದೆ ಹಾದುಹೋಗಲು ಆಗದೆ ಸುತ್ತು ಬಳಸಿ ಹೋಗುವವರಿದ್ದಾರೆ. ಇವರ ಬಳಿ ಕೂತು ಮಾತಾಡಿಸಿದ ಮೇಲೆ ನನಗೆ ಒಂದು ವಿಷಯ ಗಟ್ಟಿಯಾಯಿತು. ಇವರ ಮನಸ್ಸನ್ನು ಹಣ್ಣು ಮಾಡಿದ್ದು ರೋಗದ ಭಯಕ್ಕಿಂತ ಹೆಚ್ಚಾಗಿ ಒಂಟಿತನ. ಊರಿನ ಪರವಾಗಿ ಊರಿನ ಬಾಗಿಲು ತಟ್ಟುವ ಕೆಲಸವನ್ನು ಒಬ್ಬ ಹೆಣ್ಣುಮಗಳ ಹೆಗಲಿಗೆ ಹಾಕಿ, ಊರು ಹಿಂದೆ ಸರಿದು ನಿಂತಿತು. ಹಾಗಾಗಿ ಈ ಪತ್ರವನ್ನು ಆರೋಗ್ಯ ಇಲಾಖೆಗೆ ಬರೆಯದೆ ನಿಮಗೇ ಬರೆಯುತ್ತಿದ್ದೇನೆ.

ಆ ದಿನಗಳನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. 2020ರ ಮಾರ್ಚ್ 10ರಂದು ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ಅದು ದೇಶದಲ್ಲೇ ಮೊದಲ ಕೊರೊನಾ ಸಾವು ಎಂದು ಎರಡು ದಿನದ ಮೇಲೆ ತಿಳಿಯಿತು. ಅದೇ ತಿಂಗಳ 27ಕ್ಕೆ ನಮ್ಮ ಜಿಲ್ಲೆಯ ಶಿರಾ ಕಡೆಯವರೊಬ್ಬರ ಸಾವಿನ ಸುದ್ದಿ ಬಂತು. ಅಲ್ಲಿಯವರೆಗೆ ಟಿವಿಯೊಳಗಿದ್ದ ಕಾಯಿಲೆ ಹಟ್ಟಿ ಬಾಗಿಲಿಗೆ ಬಂದಹಾಗಾಯಿತು. ಊರಿನ ದಾರಿಗಳಿಗೆ ಮುಳ್ಳು ಬಡಿದರು, ಮರದ ದಿಮ್ಮಿ ಅಡ್ಡ ಹಾಕಿದರು. ಬೆಂಗಳೂರಿನಿಂದ ಬಂದ ಸ್ವಂತ ಮಕ್ಕಳನ್ನೇ ತೋಟದ ಮನೆಯಲ್ಲಿ ಇರಿಸಿ, ಊಟವನ್ನು ದೂರದಲ್ಲಿಟ್ಟು ಬಂದ ತಾಯಂದಿರಿದ್ದರು. ಅಂಥ ಹೊತ್ತಿನಲ್ಲಿ ಮುಳ್ಳಿನ ಈಚೆಗೂ ಆಚೆಗೂ ಓಡಾಡಬೇಕಾಗಿದ್ದವರು ಆಶಾ ಕಾರ್ಯಕರ್ತೆಯರು. ಯಾರು ಎಲ್ಲಿಂದ ಬಂದರು, ಯಾವ ಮನೆಯಲ್ಲಿ ಜ್ವರವಿದೆ, ಯಾರಿಗೆ ಸಕ್ಕರೆ ಕಾಯಿಲೆ, ಯಾರು ತುಂಬು ಗರ್ಭಿಣಿ ಎಂದು ಬರೆದುಕೊಳ್ಳಬೇಕು. ಕ್ವಾರಂಟೈನ್ ಚೀಟಿ ಅಂಟಿಸಬೇಕು. ಹದಿನಾಲ್ಕು ದಿನ ಅವರು ಹೊರಗೆ ಬಾರದಂತೆ ಕಣ್ಣಿಡಬೇಕು. ಇದರ ಜೊತೆಗೆ ಬಾಣಂತಿ, ಮಗು, ಚುಚ್ಚುಮದ್ದು, ಕ್ಷಯದ ಮಾತ್ರೆ ಇದ್ಯಾವುದೂ ನಿಲ್ಲುವಂತಿಲ್ಲ.

ನಮ್ಮ ಸೀಮೆಯ ಮನೆಗಳು ಹೇಗಿವೆ ಎಂದು ನಿಮಗೆ ಹೇಳಬೇಕಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕುಗಳಲ್ಲಿ ಊರೊಳಗೆ ಅರ್ಧ ಜನ, ತೋಟಗಳಲ್ಲಿ ಅರ್ಧ ಜನ. ಸಾವಿರ ಜನಕ್ಕೆ ಒಬ್ಬ ಆಶಾ ಎಂದು ಸರ್ಕಾರ ಲೆಕ್ಕ ಹಾಕಿದೆ. ಒತ್ತೊತ್ತಾಗಿ ಮನೆಗಳಿರುವ ಬಡಾವಣೆಯಲ್ಲಿ ಆ ಸಾವಿರ ಜನರನ್ನು ಒಂದು ಬೆಳಗಿನಲ್ಲಿ ನೋಡಿ ಮುಗಿಸಬಹುದು. ಇಲ್ಲಿ ಒಂದು ತೋಟದ ಮನೆಯಿಂದ ಇನ್ನೊಂದಕ್ಕೆ ಹೋಗಲು ಬದು ಹತ್ತಿ, ಕಾಲುವೆ ದಾಟಿ, ನಾಯಿ ಬೆದರಿಸಿಕೊಂಡು ನಡೆಯಬೇಕು. ಏಪ್ರಿಲ್ ಬಿಸಿಲಿನಲ್ಲಿ ಮುಖಕ್ಕೆ ಬಟ್ಟೆ ಬಿಗಿದುಕೊಂಡು ಹೋದವಳಿಗೆ ಬಹಳ ಮನೆಗಳಲ್ಲಿ ನೀರು ಸಿಗಲಿಲ್ಲ. ಕುಡಿಯಲು ಎಳನೀರು ಕೊಡದೆ ಯಾರನ್ನೂ ಕಳಿಸದ ನಾಡು ನಮ್ಮದು. ಅಂಥಲ್ಲಿ "ಅಲ್ಲೇ ನಿಂತ್ಕಳಮ್ಮ, ಮೆಟ್ಲು ಹತ್ಬೇಡ" ಎಂಬ ಮಾತು ಕೇಳಿಸಿಕೊಂಡವಳಿಗೆ ಏನಾಗಿರಬೇಕು? ಭಯ ಎಲ್ಲರಿಗೂ ಇತ್ತು, ಜನರನ್ನು ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಆದರೆ ಆ ಮಾತು ಯಾರ ಎದೆಯಲ್ಲಿ ಉಳಿಯಿತು ಎಂಬುದನ್ನು ಗಮನಿಸಬೇಕು.

ಇನ್ನೊಂದು ಸಂಗತಿ ಇದೆ. ನಗರದ ಪತ್ರಿಕೆಗಳು ಆರೋಗ್ಯ ಸಿಬ್ಬಂದಿಯ ಒತ್ತಡದ ಬಗ್ಗೆ ಎಷ್ಟೋ ಬರೆದವು. ಈ ಸಂಗತಿ ಅಲ್ಲಿ ಹೆಚ್ಚಾಗಿ ಕಾಣಲಿಲ್ಲ. ಆಶಾ ಕಾರ್ಯಕರ್ತೆ ಅದೇ ಊರಿನವಳೇ ಆಗಿರಬೇಕು ಎಂಬುದು ನಿಯಮ. ಹೆಚ್ಚಾಗಿ ಆಕೆ ಊರಿಗೆ ಸೊಸೆಯಾಗಿ ಬಂದವಳು. ಗಂಡನ ದೊಡ್ಡಪ್ಪ, ಚಿಕ್ಕಪ್ಪ, ಓರಗಿತ್ತಿಯರು, ಅತ್ತೆಯ ಅಕ್ಕತಂಗಿಯರು ಇರುವ ಊರು. ಎದುರು ನಿಂತು ಮಾತಾಡದೆ ತಲೆ ಮೇಲೆ ಸೆರಗೆಳೆದುಕೊಂಡು ಹೋಗಬೇಕಾದ ಹಿರಿಯರಿಗೇ ಆಕೆ "ನೀವು ಹೊರಗೆ ಬರಬಾರದು, ನಿಮ್ಮ ಮಗನ ಗಂಟಲ ದ್ರವ ಕೊಡಿಸಬೇಕು" ಎಂದು ಹೇಳಬೇಕಾಯಿತು. ಹೇಳಿದರೆ ಊರಲ್ಲಿ ನಿಷ್ಠುರ, ಹೇಳದಿದ್ದರೆ ಮೇಲಿನವರಿಂದ ಬೈಗುಳ. ಪಾಸಿಟಿವ್ ಬಂದ ಮನೆಯವರು "ನೀನೇ ಹೆಸರು ಬರೆಸಿದ್ದು" ಎಂದರು. ಆಸ್ಪತ್ರೆಗೆ ಹೋದವರು ತಿರುಗಿ ಬಾರದಿದ್ದರೆ "ನೀನೇ ಕಳಿಸಿದ್ದು" ಎಂದರು. ಬೆಂಗಳೂರಿನ ಆಸ್ಪತ್ರೆಯ ನರ್ಸ್ ಪಾಳಿ ಮುಗಿಸಿದರೆ ರೋಗಿಯ ಮನೆಯವರನ್ನು ಮತ್ತೆ ನೋಡಬೇಕಾಗಿಲ್ಲ. ನಮ್ಮೂರಿನ ಹೆಣ್ಣುಮಗಳು ಮರುದಿನ ಅದೇ ಡೇರಿಯಲ್ಲಿ ಅವರ ಹಿಂದೆಯೇ ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲಬೇಕು.

ಸತ್ತವರು ಆಕೆಗೆ ಅಪರಿಚಿತರೂ ಅಲ್ಲ. ಹೆರಿಗೆ ನೋವು ಬಂದ ರಾತ್ರಿ ಆಟೋ ಹಿಡಿದು ಯಾರನ್ನು ಆಸ್ಪತ್ರೆಗೆ ಕರೆದೊಯ್ದಿದ್ದಳೋ ಆ ಸೊಸೆಯ ಮಾವನೋ, ತಾನೇ ಬಿಪಿ ಮಾತ್ರೆ ತಂದುಕೊಡುತ್ತಿದ್ದ ಅಜ್ಜಿಯೋ, ತನ್ನ ಮಗನ ಜೊತೆ ಶಾಲೆಗೆ ಹೋಗುವ ಹುಡುಗನ ತಂದೆಯೋ. ಆ ಹೆಸರುಗಳು ಆಕೆಯ ಪುಸ್ತಕದಲ್ಲಿ ಮೊದಲೇ ಇದ್ದವು. ಒಂದೊಂದು ಮನೆಗೂ ತಾನು ಇನ್ನೊಂದು ದಿನ ಮೊದಲೇ ಹೋಗಿದ್ದರೆ, ಆಕ್ಸಿಮೀಟರಿನಲ್ಲಿ ಬೆರಳಿಟ್ಟು ಇನ್ನೊಮ್ಮೆ ನೋಡಿದ್ದರೆ ಎಂದು ಮನಸ್ಸು ಲೆಕ್ಕ ಹಾಕುತ್ತಲೇ ಇರುತ್ತದೆ. ತನ್ನ ಕೈಯಲ್ಲಿ ಇಲ್ಲದ್ದಕ್ಕೂ ತನ್ನನ್ನೇ ಹೊಣೆ ಮಾಡಿಕೊಳ್ಳುವ ಈ ಸಂಕಟ ವೈದ್ಯರಿಗೆ, ನರ್ಸ್‌ಗಳಿಗೆ ಎಲ್ಲ ಕಡೆಯೂ ಬಂದಿದೆ. 2021ರ ಮೇ 2ರ ರಾತ್ರಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿದುಹೋದದ್ದು ನೆನಪಿರಬೇಕು. ಮೊದಲು 24 ಸಾವು ಎಂದರು. ಹೈಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ಸಮಿತಿ 36 ಎಂದಿತು. ಸತ್ತವರ ಮನೆಯವರ ದುಃಖ ದೊಡ್ಡದು, ಅದಕ್ಕೆ ಸಾಟಿ ಇಲ್ಲ. ಆ ರಾತ್ರಿ ಸಿಲಿಂಡರ್ ಇಲ್ಲದೆ ವಾರ್ಡಿನಲ್ಲಿ ನಿಂತಿದ್ದ ನರ್ಸ್‌ಗಳ ನಿದ್ದೆಯ ಬಗ್ಗೆಯೂ ನಾನು ಯೋಚಿಸುತ್ತೇನೆ.

ಎರಡನೇ ಅಲೆ ನಮ್ಮ ಹಳ್ಳಿಗಳಿಗೆ ಬಂದದ್ದು ಬಸ್ಸಿನಲ್ಲಿ. 2021ರ ಏಪ್ರಿಲ್ 27ರ ರಾತ್ರಿಯಿಂದ ಹದಿನಾಲ್ಕು ದಿನ ಕರ್ಫ್ಯೂ ಎಂದು ಘೋಷಣೆಯಾದೊಡನೆ ಬೆಂಗಳೂರಿನಲ್ಲಿ ದುಡಿಯುತ್ತಿದ್ದ ನಮ್ಮ ಹುಡುಗರು ಗಂಟುಮೂಟೆ ಕಟ್ಟಿ ಊರಿಗೆ ಬಂದರು. ಬರದೆ ಇನ್ನೆಲ್ಲಿಗೆ ಹೋಗಬೇಕು? ಮೇ ತಿಂಗಳಲ್ಲಿ ಮನೆಮನೆಯಲ್ಲೂ ಜ್ವರ. ಆ ತಿಂಗಳ ಕೊನೆಯ ಹೊತ್ತಿಗೆ, ಹಳ್ಳಿಗಳಲ್ಲಿ ಮನೆ ಆರೈಕೆ ಬೇಡ, ಸೋಂಕಿತರನ್ನು ಕೋವಿಡ್ ಕೇರ್ ಸೆಂಟರಿಗೆ ಸೇರಿಸಿ ಎಂದು ಸರ್ಕಾರ ಹೇಳಿತು. ಮನೆಯಲ್ಲಿ ಒಂದೇ ಕೋಣೆ, ಒಂದೇ ಬಚ್ಚಲು ಇರುವವರಿಗೆ ಅದು ಬೇಕಾದ ಕ್ರಮವೇ ಆಗಿತ್ತು. ಆದರೆ ಹಸು ಕರೆಯುವವರು ಯಾರು, ಮೋಟರ್ ಹಾಕುವವರು ಯಾರು ಎನ್ನುವ ರೈತನನ್ನು ಒಪ್ಪಿಸಿ ಹಾಸ್ಟೆಲ್ ಕಟ್ಟಡಕ್ಕೆ ಕಳಿಸುವ ಕೆಲಸ ಯಾರ ಪಾಲಿಗೆ ಬಂತು? ಪಂಚಾಯಿತಿಗೊಂದು ಕಾರ್ಯಪಡೆ ಇತ್ತು. ಕೆಲವು ಊರುಗಳಲ್ಲಿ ಅದು ನಿಜವಾಗಿ ಓಡಾಡಿತು, ಸದಸ್ಯರೇ ಔಷಧಿ ಕಿಟ್ ಹಂಚಿದರು. ಅವರಿಗೆ ಕೈ ಮುಗಿಯುತ್ತೇನೆ. ಎಷ್ಟೋ ಕಡೆ ಅದು ಪಟ್ಟಿಯಲ್ಲೇ ಉಳಿಯಿತು, ಬಾಗಿಲಿಗೆ ಹೋದವಳು ಆಕೆ ಒಬ್ಬಳೇ. ಇದರ ಜೊತೆಗೆ ಲಸಿಕೆಯ ಕೆಲಸವೂ ಇತ್ತು. ಸೂಜಿ ಚುಚ್ಚಿಸಿಕೊಂಡರೆ ಸತ್ತುಹೋಗುತ್ತೇವೆ ಎಂದು ಹೆದರಿ ತೋಟದೊಳಗೆ ಹೋಗಿ ಕೂತವರನ್ನು ಹುಡುಕಿಕೊಂಡು ಹೋದವಳೂ ಆಕೆಯೇ.

ಕೆಳಗಿನಿಂದ ಹೀಗೆ ಸಿಟ್ಟು ಬಂದರೆ ಮೇಲಿನಿಂದ ಬಂದದ್ದು ಗುರಿ. ದಿನಕ್ಕೆ ಇಷ್ಟು ಪರೀಕ್ಷೆ ಆಗಬೇಕು, ಇಷ್ಟು ಲಸಿಕೆ ಆಗಬೇಕು, ಸಂಜೆಯೊಳಗೆ ವರದಿ ಬರಬೇಕು. ಬೆಂಗಳೂರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಅಲ್ಲಿಂದ ಸಿಸ್ಟರಿಗೆ, ಕೊನೆಗೆ ಆಶಾಗೆ. ಒಬ್ಬೊಬ್ಬರೂ ತಮಗೆ ಬಿದ್ದ ಭಾರವನ್ನು ಕೆಳಗಿನವರಿಗೆ ದಾಟಿಸುತ್ತಾ ಬಂದರು. ದಾಟಿಸಲಾಗದೆ ಮಧ್ಯದಲ್ಲಿ ಸಿಕ್ಕಿಕೊಂಡವರೂ ಇದ್ದರು. ನಂಜನಗೂಡಿನ ತಾಲ್ಲೂಕು ಆರೋಗ್ಯಾಧಿಕಾರಿ ಡಾ. ಎಸ್.ಆರ್. ನಾಗೇಂದ್ರ 2020ರ ಆಗಸ್ಟ್ 20ರಂದು ಪ್ರಾಣ ಕಳೆದುಕೊಂಡರು. ತಿಂಗಳುಗಟ್ಟಲೆ ಬಿಡುವಿಲ್ಲದ ದುಡಿಮೆ, ಪರೀಕ್ಷೆಗಳ ಗುರಿ ಮುಟ್ಟಿಸಬೇಕೆಂಬ ಒತ್ತಡವೇ ಅವರನ್ನು ಆ ಸ್ಥಿತಿಗೆ ತಂದಿತು ಎಂದು ಅವರ ಸಹೋದ್ಯೋಗಿಗಳು ಹೇಳಿದರು. ಮೈಸೂರು ಜಿಲ್ಲೆಯ ಸರ್ಕಾರಿ ವೈದ್ಯರು ಬೀದಿಗಿಳಿದರು. ಸರ್ಕಾರ ಕುಟುಂಬಕ್ಕೆ 50 ಲಕ್ಷ ರೂಪಾಯಿ ಪರಿಹಾರ ಘೋಷಿಸಿ, ತನಿಖೆಗೆ ಆದೇಶಿಸಿತು. ಒಂದು ಸಾವಿಗೆ ಒಂದೇ ಕಾರಣ ಇರುವುದಿಲ್ಲ, ಅದನ್ನು ಹೊರಗಿನಿಂದ ನಾನು ತೀರ್ಮಾನಿಸಲಾರೆ. ತಾಲ್ಲೂಕಿಗೆ ದೊಡ್ಡ ಡಾಕ್ಟರಾಗಿದ್ದವರಿಗೂ "ನನ್ನ ಕೈಲಾಗುತ್ತಿಲ್ಲ" ಎಂದು ಹೇಳಿಕೊಳ್ಳುವ ಜಾಗ ಇರಲಿಲ್ಲ ಎಂಬುದು ಮಾತ್ರ ನನ್ನನ್ನು ಕಾಡುತ್ತದೆ. ಅವರಿಗೇ ಇಲ್ಲದಿದ್ದ ಜಾಗ ತಿಂಗಳಿಗೆ ನಾಲ್ಕು ಸಾವಿರ ರೂಪಾಯಿ ಗೌರವಧನದವಳಿಗೆ ಎಲ್ಲಿಂದ ಸಿಗಬೇಕು?

ಹೌದು, 2020ರಲ್ಲಿ ರಾಜ್ಯ ಸರ್ಕಾರ ಆಶಾಗೆ ಕೊಡುತ್ತಿದ್ದ ನಿಗದಿತ ಗೌರವಧನ 4,000 ರೂಪಾಯಿ. ಉಳಿದದ್ದು ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ, ಅದೂ ತಡವಾಗಿ. ಆ ವರ್ಷದ ಜುಲೈ 10ರಿಂದ ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ, ಸರಿಯಾದ ಮಾಸ್ಕು, ಕೈಗವಸು ಕೇಳಿ ಕೆಲಸ ನಿಲ್ಲಿಸಿದರು. ಸಾಂಕ್ರಾಮಿಕದ ನಡುವೆ ಮುಷ್ಕರವೇ ಎಂದು ಬಹಳ ಜನ ಮೂಗುಮುರಿದರು. ಮಾರ್ಚ್ 22ರ ಸಂಜೆ ತಟ್ಟೆ ಬಡಿದು ಗೌರವಿಸಿದ ಊರುಗಳಲ್ಲೇ ಈ ಮಾತು ಬಂತು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಹತ್ತು ಲಕ್ಷ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕತ್ವದ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ಅದೇ ಹೆಣ್ಣುಮಕ್ಕಳು ಮತ್ತೆ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಹಗಲು ಕೂತಿದ್ದರು. ಕನಿಷ್ಠ 10,000 ರೂಪಾಯಿ ಕೊಡುವ ಭರವಸೆ ಸಿಕ್ಕ ಮೇಲೆ ಎದ್ದರು. ದುಡ್ಡಿನ ಚಿಂತೆಯನ್ನು ಮನಸ್ಸಿನ ಚಿಂತೆಯಿಂದ ಬೇರೆ ಮಾಡಿ ನೋಡಲು ಬರುವುದಿಲ್ಲ. ಆದರೆ ಅದು ವಿಧಾನಸೌಧದಲ್ಲಿ ತೀರ್ಮಾನವಾಗಬೇಕಾದ ಸಂಗತಿ. ನಮ್ಮ ಹೋಬಳಿಯಲ್ಲೇ ತೀರ್ಮಾನವಾಗಬಹುದಾದದ್ದನ್ನು ಕೇಳಲು ಈ ಪತ್ರ.

ಮನಸ್ಸು ಸರಿಯಿಲ್ಲ ಎಂದು ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ತಲೆನೋವು, ಗ್ಯಾಸ್ಟ್ರಿಕ್, ಮೈಕೈ ನೋವು, ಬಿಪಿ ಎಂದು ಹೇಳುತ್ತಾರೆ. ಮಕ್ಕಳ ಮೇಲೆ ಸಿಡುಕುತ್ತಾರೆ, ಒಲೆ ಮೇಲೆ ಹಾಲಿಟ್ಟು ಮರೆಯುತ್ತಾರೆ, ರಾತ್ರಿ ಎರಡಕ್ಕೆ ಎದ್ದು ಕೂತಿರುತ್ತಾರೆ. ಮನೆಯವರು ಯಾವುದೋ ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದ್ದೂ ಉಂಟು. ಆರೋಗ್ಯದ ಕೆಲಸದಲ್ಲಿರುವವರಂತೂ ಇನ್ನೂ ಬಿಗಿ, ಊರಿಗೆ ಧೈರ್ಯ ಹೇಳುವವಳೇ ಕಂಗೆಟ್ಟಳು ಅನ್ನಿಸಿಕೊಳ್ಳಬಾರದಲ್ಲ. ಕೊಬ್ಬರಿಗೆಂದು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತ ತೆಂಗಿನಕಾಯಿಯೊಳಗೆ ಏನಾಗಿದೆ ಎಂದು ಸಿಪ್ಪೆ ನೋಡಿ ಹೇಳಲಾಗುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೇಳುತ್ತೇವೆ. ಅಷ್ಟು ಹತ್ತಿರ ಹೋಗಿ ಇವರನ್ನು ಯಾರೂ ಕೇಳಲಿಲ್ಲ.

ಬೇರೆ ಕಡೆ ಕೇಳಿದವರಿದ್ದಾರೆ. ಕೊರೊನಾದ ಮೊದಲ ತಿಂಗಳುಗಳಲ್ಲೇ ಚೀನಾದ 34 ಆಸ್ಪತ್ರೆಗಳ 1,257 ಸಿಬ್ಬಂದಿಯನ್ನು ಕೇಳಿ ನೋಡಿದ್ದರು. ಅರ್ಧದಷ್ಟು ಜನರಲ್ಲಿ ಖಿನ್ನತೆಯ ಲಕ್ಷಣ, ಮೂವರಲ್ಲಿ ಒಬ್ಬರಿಗೆ ನಿದ್ದೆಯಿಲ್ಲ. ನರ್ಸ್‌ಗಳಿಗೆ, ಹೆಂಗಸರಿಗೆ, ರೋಗಿಗಳ ಹತ್ತಿರವೇ ಇದ್ದವರಿಗೆ ಹೆಚ್ಚು. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಕೆನಡಾದ ಟೊರಾಂಟೊದ ಅನುಭವ. 2003ರಲ್ಲಿ ಅಲ್ಲಿಗೆ ಸಾರ್ಸ್ ಬಂದಿತ್ತು. ರೋಗ ಹೋಗಿ ಒಂದೆರಡು ವರ್ಷ ಕಳೆದ ಮೇಲೆ ಅಧ್ಯಯನ ಮಾಡಿ ನೋಡಿದರೆ, ಸಾರ್ಸ್ ರೋಗಿಗಳಿಗೆ ಚಿಕಿತ್ಸೆ ಕೊಟ್ಟ ಆಸ್ಪತ್ರೆಗಳ ಸಿಬ್ಬಂದಿಯಲ್ಲಿ ಶೇ 30ರಷ್ಟು ಮಂದಿ ಕೆಲಸದಿಂದ ಬಸವಳಿದುಹೋಗಿದ್ದರು. ಸಾರ್ಸ್ ಬಾರದ ಆಸ್ಪತ್ರೆಗಳಲ್ಲಿ ಆ ಪ್ರಮಾಣ ಶೇ 19. ಅಂದರೆ ರೋಗ ಹೋದ ಮೇಲೂ ಅದರ ಹೊರೆ ಉಳಿಯುತ್ತದೆ. ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತು: ತಮಗೆ ಸಾಕಷ್ಟು ತರಬೇತಿ, ರಕ್ಷಣೆ, ನೈತಿಕ ಬೆಂಬಲ ಸಿಕ್ಕಿತ್ತು ಎಂದುಕೊಂಡವರಲ್ಲಿ ಈ ಬಳಲಿಕೆ ಕಡಿಮೆ ಇತ್ತು. ತರಬೇತಿ, ರಕ್ಷಣೆ ಇಲಾಖೆ ಕೊಡಬೇಕಾದದ್ದು. ಬೆಂಬಲ ಊರು ಕೊಡಬೇಕಾದದ್ದು.

ಹಾಗಾದರೆ ನಾವು ಏನು ಮಾಡಬಹುದು? ಮೊದಲನೆಯದಾಗಿ, ಜೊತೆಗೆ ನಡೆಯಬಹುದು. ಈಗಲೂ ಡೆಂಗಿ ಬಂದಾಗ ತೊಟ್ಟಿ, ಡ್ರಮ್ಮು ಇಣುಕಿ ಲಾರ್ವಾ ನೋಡಲು ಆಕೆ ಮನೆಮನೆಗೆ ಬರುತ್ತಾಳೆ. "ನಮ್ಮನೆ ನೀರು ನೋಡೋಕೆ ನೀನ್ಯಾರು" ಎಂದು ಕೇಳಿಸಿಕೊಂಡು ಹೋಗುತ್ತಾಳೆ. ಅಂಥ ಸಮೀಕ್ಷೆ, ಲಸಿಕೆ ಅಭಿಯಾನ ಯಾವುದೇ ಇರಲಿ, ಆ ವಾರ್ಡಿನ ಸದಸ್ಯರು ಅಥವಾ ಸಂಘದ ಒಬ್ಬ ಅಕ್ಕ ಆಕೆಯ ಪಕ್ಕದಲ್ಲಿ ಇರಲಿ. ನಿಷ್ಠುರದ ಮಾತನ್ನು ಸದಸ್ಯರು ಹೇಳಲಿ, ಆರೋಗ್ಯದ ಮಾತನ್ನು ಆಕೆ ಹೇಳಲಿ. ಊರಿನ ಹಿರಿಯರಿಗೆ ಊರಿನ ಯಜಮಾನರು ಹೇಳಿದರೆ ಮುಗಿದುಹೋಗುವ ಮಾತಿಗೆ ಊರಿನ ಸೊಸೆಯನ್ನು ಮುಂದೆ ನಿಲ್ಲಿಸುವುದು ನ್ಯಾಯವಲ್ಲ. ನನ್ನ ಮಟ್ಟಿಗೆ ಇದೊಂದೇ ಆದರೂ ಅರ್ಧ ಭಾರ ಇಳಿಯುತ್ತದೆ.

ಪ್ರತಿ ಗ್ರಾಮಕ್ಕೂ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿ ಇರಬೇಕೆಂದು ಗ್ರಾಮೀಣ ಆರೋಗ್ಯ ಅಭಿಯಾನ ಹೇಳುತ್ತದೆ. ಪಂಚಾಯಿತಿ ಸದಸ್ಯರು, ಆಶಾ, ಅಂಗನವಾಡಿ ಟೀಚರ್ ಎಲ್ಲರೂ ಅದರಲ್ಲಿರುತ್ತಾರೆ. ಸ್ಥಳೀಯ ಅಗತ್ಯಕ್ಕೆಂದು ವರ್ಷಕ್ಕೆ 10,000 ರೂಪಾಯಿವರೆಗೆ ಅನುದಾನಕ್ಕೂ ಅವಕಾಶವಿದೆ. ನಿಮ್ಮೂರಿನ ಸಮಿತಿ ಕೊನೆಯದಾಗಿ ಯಾವಾಗ ಕೂತಿತ್ತು ಎಂದು ವಿಚಾರಿಸಿ. ಕೂತಾಗ ಚರಂಡಿ, ಬ್ಲೀಚಿಂಗ್ ಪೌಡರ್ ಜೊತೆಗೆ ಆ ಹೆಣ್ಣುಮಗಳ ಕಷ್ಟವೂ ಒಂದು ವಿಷಯವಾಗಲಿ. ತೋಟದ ಮನೆಗಳಿಗೆ ಹೋಗಲು ಬೈಕಿನಲ್ಲಿ ಬಿಡುವವರು ಯಾರು, ಸರಿರಾತ್ರಿಯಲ್ಲಿ ಆಂಬುಲೆನ್ಸ್ ತಡವಾದರೆ ಕಾರು ಕೊಡುವವರು ಯಾರು, ಎರಡು ಹೆಸರು ಬರೆದಿಡಿ. ಮತ್ತೆ ಸಾಂಕ್ರಾಮಿಕ ಬಂದರೆ ಆಕೆ ಮನೆಗೆ ಹೋಗುವ ಮುನ್ನ ಸ್ನಾನ ಮಾಡಲು, ಬೇಕಾದರೆ ನಾಲ್ಕು ದಿನ ಬೇರೆ ಇರಲು ಶಾಲೆಯದೋ ಸಮುದಾಯ ಭವನದ್ದೋ ಒಂದು ಕೋಣೆ ಗೊತ್ತು ಮಾಡಿಡಿ. 2020ರಲ್ಲಿ ಎಷ್ಟೋ ಹೆಣ್ಣುಮಕ್ಕಳು ಕೊಟ್ಟಿಗೆಯ ಪಕ್ಕ ಮಲಗಿದರು, ತಮ್ಮದೇ ಅಡುಗೆಮನೆಗೆ ಕಾಲಿಡಲಿಲ್ಲ, ಹಾಲು ಕುಡಿಯುವ ಮಗುವನ್ನು ತವರಿಗೆ ಕಳಿಸಿದರು.

ಮೇಲಿನಿಂದ ಆಗದ ಗುರಿ ಬಂದಾಗ, ಆಗುವುದಿಲ್ಲ ಎಂದು ಹೇಳುವ ಶಕ್ತಿ ಆಶಾಗೆ ಇಲ್ಲ, ಗ್ರಾಮ ಪಂಚಾಯಿತಿಗೆ ಇದೆ. ಒಂದು ನಿರ್ಣಯ ಬರೆದು ತಾಲ್ಲೂಕಿಗೆ ಕಳಿಸಿ. ಆಕೆಯ ಮೇಲೆ ಕೈ ಎತ್ತುವವರಿಗೆ ಕಾನೂನನ್ನೂ ತಿಳಿಸಿ: 2020ರ ಏಪ್ರಿಲ್‌ನಲ್ಲಿ ತಿದ್ದುಪಡಿಯಾದ ಸಾಂಕ್ರಾಮಿಕ ರೋಗಗಳ ಕಾಯ್ದೆಯಲ್ಲಿ, ಸಾಂಕ್ರಾಮಿಕದ ಹೊತ್ತಿನಲ್ಲಿ ಆರೋಗ್ಯ ಸಿಬ್ಬಂದಿಯ ಮೇಲೆ ನಡೆಯುವ ಹಲ್ಲೆಗೆ 3 ತಿಂಗಳಿಂದ 5 ವರ್ಷ, ತೀವ್ರ ಗಾಯವಾದರೆ 7 ವರ್ಷದವರೆಗೆ ಜೈಲು ಇದೆ.

ಊರಿನ ಆಸರೆ ಸಾಲದಷ್ಟು ಬಳಲಿದವರಿಗೆ ವೈದ್ಯರೇ ಬೇಕು. ಅದಕ್ಕೆ ದಾರಿ ಇದೆ. 2022ರ ಅಕ್ಟೋಬರ್ 10ರಿಂದ ಟೆಲಿ ಮನಸ್ ಎಂಬ ಸಹಾಯವಾಣಿ ನಡೆಯುತ್ತಿದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ಇಡೀ ದೇಶದ ಈ ವ್ಯವಸ್ಥೆಗೆ ನಮ್ಮ ನಿಮ್ಹಾನ್ಸ್ ಬೆನ್ನೆಲುಬು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಎಂದು ರಾಜ್ಯ ಸರ್ಕಾರ ಮಾಡಿದೆ. ನಮ್ಮ ಕಡೆಗೆ ಮನೋವೈದ್ಯರು ಬರುವ ಮಂಗಳವಾರ ಯಾವುದು ಎಂದು ಕೇಳಿ ಪಂಚಾಯಿತಿ ಗೋಡೆಗೆ ಬರೆಸಿ. ಒಂದು ಎಚ್ಚರಿಕೆ ಇರಲಿ. ಆರೋಗ್ಯ ಕಾರ್ಯಕರ್ತೆ ತನ್ನ ತಾಲ್ಲೂಕು ಆಸ್ಪತ್ರೆಯಲ್ಲೇ ಆ ಸಾಲಿನಲ್ಲಿ ಕೂತರೆ ಎಲ್ಲರ ಕಣ್ಣೂ ಅವಳ ಮೇಲೆ. ಯಾರು ಹೋದರು, ಏಕೆ ಹೋದರು ಎಂದು ಅರಳಿಕಟ್ಟೆಯಲ್ಲಿ ಮಾತಾಗದಂತೆ ನೋಡಿಕೊಳ್ಳುವುದು ಯಜಮಾನರ ಜವಾಬ್ದಾರಿ.

ಈ ಪತ್ರ ಓದಿದವರು ಆಕೆಗೆ ಶಾಲು ಹೊದಿಸುವ ಸಮಾರಂಭ ಏರ್ಪಡಿಸಬೇಡಿ ಎಂದು ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ಅದರ ಬದಲು ಬಿಡುವಿನ ಒಂದು ಸಂಜೆ ಇಬ್ಬರು ಹೆಂಗಸರು ಆಕೆಯ ಮನೆಗೆ ಹೋಗಿ, ಆ ಎರಡು ವರ್ಷ ಹೇಗಿದ್ದವು ಎಂದು ಕೇಳಿ. ಆಕೆ ಹೇಳುವಷ್ಟು ಹೊತ್ತು ಕೂತಿರಿ. ನಿಮ್ಮ ಊರಿನ ಸಮಿತಿಯ ಮುಂದಿನ ಸಭೆ ಯಾವತ್ತು ಎಂದು ಗೊತ್ತಾದರೆ ನನಗೂ ಹೇಳಿ ಕಳಿಸಿ, ಬರುತ್ತೇನೆ. ಬೈಕಿನಲ್ಲಿ ಬಿಡುವವರ ಪಟ್ಟಿಗೆ ನನ್ನ ಹೆಸರನ್ನೂ ಸೇರಿಸಿಕೊಳ್ಳಿ.

ಇಂತಿ,
ದಬ್ಬೇಘಟ್ಟ ಹೋಬಳಿಯ ಒಬ್ಬ ತೆಂಗು ಬೆಳೆಗಾರ